ಬರೋಕ್ ಪಿಟೀಲು ಸೊನಾಟಾ: ಟೆಂಪೊ, ಕೀ, ಮೂಡ್ ಗುರುತಿಸುವ ಬಗೆ

ಪಾಶ್ಚಾತ್ಯ ಪಿಟೀಲು ಕಲಿಯಲು ಹೊರಟವರಿಗೆ ಒಂದಲ್ಲ ಒಂದು ದಿನ ಆ ಹಾಳೆ ಎದುರಾಗುತ್ತದೆ. ಮೇಲೆ ಕೃತಿಯ ಹೆಸರು, ಸಂಯೋಜಕನ ಹೆಸರು. ಕೆಳಗೆ ಮೂರು ಖಾಲಿ ಮನೆಗಳು: ಟೆಂಪೊ (ನಡಿಗೆಯ ವೇಗ), ಕೀ (ಯಾವ ಸ್ವರ ಷಡ್ಜ, ಅದರ ಮೇಲೆ ಯಾವ ಸ್ವರಶ್ರೇಣಿ), ಮೂಡ್ (ಭಾವ). ಮೂರು ಪದ ಗೀಚಿದರೆ ಕೆಲಸ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು. ನನ್ನ ಪಾಲಿಗೆ ಬಂದದ್ದು ಜರ್ಮನಿಯ ಸಂಯೋಜಕ ಬಾಖ್‌ನ ಒಂಟಿ ಪಿಟೀಲಿನ ಮೊದಲ ಸೊನಾಟಾದ (ಹಲವು ಭಾಗಗಳ ವಾದ್ಯಕೃತಿ) ಮೊದಲ ಭಾಗ. ಅದರ ಸ್ವರಲಿಪಿಯ ಪುಟದ ತುಂಬ ಕಪ್ಪು ನೋಟ್‌ಗಳು ಇರುವೆ ಸಾಲಿನಂತೆ ಹರಿದಿದ್ದವು. ತಲೆಯ ಮೇಲೆ 'ಅಡಾಜಿಯೊ', ಅಂದರೆ ಅವಸರವಿಲ್ಲದೆ, ಎಂದು ಅಚ್ಚಾಗಿದ್ದರೂ ಕಣ್ಣು ಇರುವೆಗಳನ್ನೇ ನಂಬಿತು; 'ಟೆಂಪೊ: ವೇಗ' ಎಂದು ಬರೆದೆ. ಸಾಲಿನ ಆರಂಭದಲ್ಲಿ ಒಂದೇ ಒಂದು ಫ್ಲಾಟ್ (ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುವ ಗುರುತು) ಇತ್ತು; ಪಾಠದ ಪುಸ್ತಕ ಹೇಳಿಕೊಟ್ಟಂತೆ 'ಕೀ: ಡಿ ಮೈನರ್' ಎಂದೆ. ಮೈನರ್ ಅಂದ ಮೇಲೆ ಇನ್ನೇನು, 'ಮೂಡ್: ದುಃಖ'.

ಪಾಠ ಹೇಳುತ್ತಿದ್ದ ಹಿರಿಯರು ಕೆಂಪು ಗೆರೆ ಎಳೆಯಲಿಲ್ಲ. ಹಾಳೆಯನ್ನು ನನ್ನತ್ತ ತಿರುಗಿಸಿ, "ಕೊನೆಯ ಬಾರ್‌ವರೆಗೆ ಹೋಗಿ ನೋಡಿದೆಯೇನಪ್ಪ?" ಎಂದಷ್ಟೇ ಕೇಳಿದರು. ನೋಡಿರಲಿಲ್ಲ. (ಬಾರ್ ಎಂದರೆ ಎರಡು ನಿಂತ ಗೆರೆಗಳ ನಡುವಿನ, ತಾಳದ ಒಂದು ಸುತ್ತು.)

ಇದು ಆ ಹಾಳೆಯನ್ನು ತುಂಬುವ ಬಗೆಯ ಬಗ್ಗೆ. ಉದಾಹರಣೆಯಾಗಿ ಅದೇ ಅಡಾಜಿಯೊವನ್ನು ಇಟ್ಟುಕೊಳ್ಳುತ್ತೇನೆ, ಅದರ ಹತ್ತಿರ ನನಗೆ ಹಳೆಯ ಬಾಕಿ ಇದೆ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಮೂರು ಮನೆಗಳನ್ನು ಅಚ್ಚಾಗಿರುವ ಕ್ರಮದಲ್ಲಿ ತುಂಬಬೇಡಿ. ಮೊದಲು ಕೀ ತುಂಬಿ, ಅದಕ್ಕೆ ಸಾಕ್ಷಿ ಕಣ್ಣಿಗೇ ಕಾಣುತ್ತದೆ. ಆಮೇಲೆ ಟೆಂಪೊ, ಅದಕ್ಕೆ ಸ್ವಲ್ಪ ಲೆಕ್ಕ ಬೇಕು. ಮೂಡ್ ಕೊನೆಗೆ. ಹಾಳೆ ಅಚ್ಚು ಹಾಕಿಸಿದವರು ಈ ಮೂರನ್ನು ಬೇರೆ ಬೇರೆ ಸಂಗತಿಗಳೆಂದು ಎಣಿಸಿದ್ದಾರೆ. ಬರೋಕ್ ಕಾಲದ (ಸುಮಾರು 1600ರಿಂದ 1750) ಪಿಟೀಲುಗಾರನಿಗೆ ಅವು ಒಂದೇ ಸಂಗತಿಯ ಮೂರು ಮಗ್ಗುಲುಗಳಾಗಿದ್ದವು. ಇದು ತಲೆಯಲ್ಲಿದ್ದರೆ ಅರ್ಧ ತಪ್ಪುಗಳು ತಾವಾಗಿ ಬಿಟ್ಟುಹೋಗುತ್ತವೆ.

ಎದುರಿಗೆ ಏನೇನು ಇರಬೇಕು

ಸ್ವರಲಿಪಿ, ಒಂದು ಧ್ವನಿಮುದ್ರಿಕೆ, ಪೆನ್ಸಿಲ್, ಗಡಿಯಾರ. ಇಷ್ಟು ಸಾಕು.

ಸ್ವರಲಿಪಿ ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಬಾಖ್‌ನ ವಿಷಯದಲ್ಲಿ ಇನ್ನೂ ಒಳ್ಳೆಯ ದಾರಿ ಇದೆ: ಅವನೇ ಕೈಯಾರೆ ಬರೆದ 1720ರ ಪ್ರತಿ ಬರ್ಲಿನ್ನಿನ ಸ್ಟೇಟ್ ಲೈಬ್ರರಿಯಲ್ಲಿದೆ, ಅದರ ಚಿತ್ರಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ಮೂರು ಸೊನಾಟಾ, ಮೂರು ಪಾರ್ಟಿಟಾ (ನೃತ್ಯದ ಧಾಟಿಗಳ ಮಾಲೆ), ಒಟ್ಟು ಆರು. ಮುಖಪುಟದಲ್ಲಿ ಬಾಸ್ (ಕೆಳಗಿನ ಸ್ವರಗಳ ಸಾಲು) ಜೊತೆಯಿಲ್ಲದ ಪಿಟೀಲಿಗೆ ಎಂದು ಇಟಾಲಿಯನ್ನಿನಲ್ಲಿ ಬರೆದಿದ್ದಾನೆ. ಕೈಬರಹ ಎಷ್ಟು ಸೊಗಸಾಗಿದೆಯೆಂದರೆ ನೋಟ್‌ಗಳನ್ನು ಕಟ್ಟುವ ಅಡ್ಡಗೆರೆಗಳೇ ಅಲೆಯಂತೆ ಬಾಗಿವೆ. ಅಚ್ಚಿನ ಪುಸ್ತಕದಲ್ಲಿ ಅವು ಸೆಟೆದು ನಿಂತಿರುತ್ತವೆ.

ಹತ್ತೊಂಬತ್ತನೆಯ ಶತಮಾನದ ಸಂಪಾದಕರ ಪ್ರತಿಗಳನ್ನು ಕಂಡರೆ ಎಚ್ಚರ. ಅವುಗಳಲ್ಲಿರುವ ಮೆಟ್ರೊನೋಮ್ (ನಿಮಿಷಕ್ಕೆ ಇಷ್ಟು ಬೀಟ್ ಎಂದು ಬಡಿಯುವ ಯಂತ್ರ) ಅಂಕಿ, ಜೋರು-ಮೆದುವಿನ ಗುರುತುಗಳು ಬಹುಪಾಲು ಸಂಪಾದಕರವು. ಮೆಲ್ಟ್ಸೆಲ್ ಮೆಟ್ರೊನೋಮಿಗೆ ಪೇಟೆಂಟ್ ಪಡೆದದ್ದು 1815ರಲ್ಲಿ. ಆಗ ಬಾಖ್ ತೀರಿಕೊಂಡು 65 ವರ್ಷವಾಗಿತ್ತು. ಅವನ ಅಡಾಜಿಯೊದ ನೆತ್ತಿಯ ಮೇಲೆ ಅಂಕಿ ಕಂಡರೆ ಅದು ಇನ್ಯಾರದೋ ಅಭಿಪ್ರಾಯ.

ಕೀ: ಷಡ್ಜ ಹಿಡಿಯಿರಿ, ಗಾಂಧಾರ ನೋಡಿ

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಈ ಹಂತ ಸಲೀಸು. ಧ್ವನಿಮುದ್ರಿಕೆ ಹಾಕಿ, ಕೊನೆಯ ಸ್ವರ ಆರಿದ ಕೂಡಲೇ ನಿಲ್ಲಿಸಿ. ಮನಸ್ಸಿನಲ್ಲಿ ಯಾವ ಸ್ವರ ಷಡ್ಜದಂತೆ ಕುಳಿತಿದೆಯೋ ಅದನ್ನು ಗುನುಗಿ. ಆಮೇಲೆ ಅದರ ಮೇಲಿನ ಗಾಂಧಾರ ಯಾವುದೆಂದು ಕೇಳಿಕೊಳ್ಳಿ. ಅಂತರ ಗಾಂಧಾರವಾದರೆ ಮೇಜರ್, ಸಾಧಾರಣ ಗಾಂಧಾರವಾದರೆ ಮೈನರ್. ಮೇಜರ್ ಸ್ಕೇಲಿನ ಸ್ವರಗಳು ಶಂಕರಾಭರಣದವು. ಮೈನರ್ ಮಾತ್ರ ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ: ಒಮ್ಮೆ ನಠಭೈರವಿಯ ಸ್ವರಗಳು, ಕೈಶಿಕಿ ನಿಷಾದ ಕಾಕಲಿಯಾದರೆ ಕೀರವಾಣಿ, ಧೈವತವೂ ಏರಿದರೆ ಗೌರಿಮನೋಹರಿ. ಸ್ವರಗಳು ಮಾತ್ರ ಎನ್ನುವುದನ್ನು ಮರೆಯಬೇಡಿ. ಗಮಕವಿಲ್ಲ, ಸಂಚಾರದ ನಿಯಮವಿಲ್ಲ. ಕೀ ಎಂದರೆ ರಾಗ ಅಲ್ಲ.

ಇಲ್ಲೊಂದು ಅಡ್ಡಮಾತು. ಈ ಪಿಟೀಲು ನಮ್ಮ ಕಡೆಗೆ ಬಂದ ಕಥೆಯಲ್ಲೂ ಶಂಕರಾಭರಣ ಇದೆ. ಮದರಾಸಿನಲ್ಲಿ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ಪಿಟೀಲು ಕಲಿತರೆ, ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಅಲ್ಲಿ ಕಿವಿಗೆ ಬಿದ್ದ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಆ ನೊಟ್ಟುಸ್ವರಗಳನ್ನು ಇಂದಿಗೂ ಮಕ್ಕಳು ಶಂಕರಾಭರಣವೆಂದೇ ಕಲಿಯುತ್ತಾರೆ.

ಈಗ ಕಿವಿ ಹೇಳಿದ್ದನ್ನು ಸ್ವರಲಿಪಿಯ ಮೇಲೆ ಪರೀಕ್ಷಿಸಬೇಕು. ನಮ್ಮ ಅಡಾಜಿಯೊದ ಕೀ ಗುರುತಿನಲ್ಲಿ ಇರುವುದು ಒಂದೇ ಫ್ಲಾಟ್, ಬಿ ಫ್ಲಾಟ್. ಇಂದಿನ ನಿಯಮದಂತೆ ಅದು ಎಫ್ ಮೇಜರ್ ಅಥವಾ ಡಿ ಮೈನರ್. ಆದರೆ ಮೊದಲ ಸ್ವರಗುಚ್ಛವನ್ನು (ಒಟ್ಟಿಗೆ ನುಡಿಯುವ ಸ್ವರಗಳು) ಕೆಳಗಿನಿಂದ ಮೇಲಕ್ಕೆ ಓದಿ: ಜಿ, ಡಿ, ಬಿ ಫ್ಲಾಟ್, ಮತ್ತೆ ಜಿ. ಅದು ಜಿ ಮೈನರ್. ಕೊನೆಯ ಬಾರ್‌ನಲ್ಲಿ ನಿಲ್ಲುವುದೂ ಜಿ ಮೇಲೆಯೇ. ನಡುವೆ ಇ ಫ್ಲಾಟ್ ಬಂದಾಗಲೆಲ್ಲ ಅದರ ಮುಂದೆ ಪ್ರತ್ಯೇಕವಾಗಿ ಗುರುತು ಹಾಕಿದ್ದಾನೆ; ಎಫ್ ಶಾರ್ಪ್ (ಅರ್ಧ ಮೆಟ್ಟಿಲು ಏರಿಸಿದ ಎಫ್) ಕೂಡ ಮತ್ತೆ ಮತ್ತೆ ತಲೆ ಹಾಕುತ್ತದೆ. ಜಿ ಷಡ್ಜವಾದರೆ ಆ ಎಫ್ ಶಾರ್ಪ್ ಕಾಕಲಿ ನಿಷಾದ, ಷಡ್ಜಕ್ಕೆ ದಾರಿ ತೋರುವ ಸ್ವರ. ಆಗಿನ ಕಾಲದಲ್ಲಿ ಮೈನರ್ ಕೀಗಳಿಗೆ ಒಂದು ಫ್ಲಾಟ್ ಕಡಿಮೆ ಬರೆಯುವ ರೂಢಿ ಇತ್ತು. ಡೋರಿಯನ್ ಎಂಬ ಹಳೆಯ ಸ್ವರಶ್ರೇಣಿಯ ನೆರಳು ಅದು: ಆರನೆಯ ಸ್ವರ ಏರುತ್ತದೋ ಇಳಿಯುತ್ತದೋ ಎನ್ನುವುದನ್ನು ಅಲ್ಲಲ್ಲೇ ಬರೆದು ತಿಳಿಸುತ್ತಿದ್ದರು. ಹಾಗಾಗಿ ನಿಯಮ ಇಷ್ಟು: ಸಾಲಿನ ಆರಂಭದ ಗುರುತನ್ನು ಸುಳಿವೆಂದು ಓದಿ, ತೀರ್ಪೆಂದಲ್ಲ. ನಡುವೆ ಮತ್ತೆ ಮತ್ತೆ ಬರುವ ಶಾರ್ಪ್ ಯಾವುದೆಂದು ಹುಡುಕಿ, ಅದರ ಅರ್ಧ ಮೆಟ್ಟಿಲು ಮೇಲೆ ಇರುವ ಸ್ವರ ಷಡ್ಜವೇ ಎಂದು ನೋಡಿ. ನಾನು ಎಡವಿದ್ದು ಇಲ್ಲೇ.

ಎರಡನೆಯ ಬಲೆ ಮೊಬೈಲಿನಲ್ಲಿದೆ. ಹಳೆಯ ಶೈಲಿಯ ಪಿಟೀಲಿನಲ್ಲಿ, ಕರುಳಿನ ತಂತಿ ಹಾಕಿ ನುಡಿಸುವವರು ಇಂದು ಸಾಮಾನ್ಯವಾಗಿ ಎ ತಂತಿಯನ್ನು 415 ಹರ್ಟ್ಸ್‌ಗೆ ಶ್ರುತಿ ಮಾಡುತ್ತಾರೆ. ಆಧುನಿಕ ವಾದ್ಯಗಳ 440ಕ್ಕಿಂತ ಅದು ಅರ್ಧ ಮೆಟ್ಟಿಲು ಕೆಳಗೆ. ಅಂಥ ಧ್ವನಿಮುದ್ರಿಕೆಯನ್ನು ಶ್ರುತಿ ಅಳೆಯುವ ಆ್ಯಪಿಗೆ ಕೇಳಿಸಿದರೆ ಅದು 'ಎಫ್ ಶಾರ್ಪ್ ಮೈನರ್' ಎಂದು ಗಟ್ಟಿಯಾಗಿ ಹೇಳುತ್ತದೆ. ಆ್ಯಪ್ ಸುಳ್ಳು ಹೇಳುತ್ತಿಲ್ಲ, ಪ್ರಶ್ನೆಯೇ ಬೇರೆ. ಗಾಯಕಿ ಎರಡು ಮನೆ ಶ್ರುತಿಯಲ್ಲಿ ಹಾಡಿದರೂ ನಾಲ್ಕೂವರೆಯಲ್ಲಿ ಹಾಡಿದರೂ ಕಲ್ಯಾಣಿ ಕಲ್ಯಾಣಿಯೇ ತಾನೆ? ಹಾಳೆಯಲ್ಲಿ ಬರೆಯಬೇಕಾದದ್ದು ಜಿ ಮೈನರ್.

ಮೂರನೆಯದು, ಕೊನೆಯ ಸ್ವರವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಸೊನಾಟಾಗಳ ನಡುವಿನ ಗಿಡ್ಡ ನಿಧಾನ ಭಾಗಗಳು ಷಡ್ಜಕ್ಕೆ ಬರದೆ ಪಂಚಮದ ಮೇಲೆ ಕಾಲೂರಿ ನಿಂತು, ಮುಂದಿನ ವೇಗದ ಭಾಗಕ್ಕೆ ಬಾಗಿಲು ತೆರೆದಿಡುವುದುಂಟು. ಮೈನರ್ ಭಾಗವೊಂದು ಕಟ್ಟಕಡೆಗೆ ಮೇಜರ್ ಸ್ವರಗುಚ್ಛದಲ್ಲಿ ಮುಗಿಯುವುದೂ ಉಂಟು. ಹಾಗಾಗಿ ಮೊದಲ ಬಾರ್, ಕೊನೆಯ ಬಾರ್, ನಡುವಿನ ಶಾರ್ಪ್ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಪೆನ್ಸಿಲ್ ಎತ್ತಿ.

ಇನ್ನೊಂದು ಸಂಗತಿ ನಮ್ಮ ಕಿವಿಗೆ ವಿಚಿತ್ರವೆನಿಸುತ್ತದೆ. ತಂಬೂರಿ ಕೊನೆಯವರೆಗೂ ಒಂದೇ ಷಡ್ಜ ಹಿಡಿದಿರುವ ಸಂಗೀತ ನಮ್ಮದು. ಈ ಅಡಾಜಿಯೊ ನಡುದಾರಿಯಲ್ಲಿ ಡಿ ಮೈನರ್ ಕಡೆಗೆ ಸರಿಯುತ್ತದೆ, ಆಮೇಲೆ ಆರಂಭದ ಮಾತನ್ನೇ ಸಿ ಮೈನರ್‌ನಲ್ಲಿ ಎತ್ತಿಕೊಳ್ಳುತ್ತದೆ, ಕೊನೆಗೆ ಜಿಗೆ ಮರಳುತ್ತದೆ. ಗ್ರಹಭೇದದಂತೆ ಅನ್ನಿಸಬಹುದು, ಅಲ್ಲ. ಗ್ರಹಭೇದದಲ್ಲಿ ಸ್ವರಗಳು ಅವೇ ಇದ್ದು ಷಡ್ಜ ಬದಲಾಗುತ್ತದೆ. ಇಲ್ಲಿ ಷಡ್ಜದ ಹಿಂದೆ ಸ್ವರಗಳೂ ಗಂಟುಮೂಟೆ ಕಟ್ಟುತ್ತವೆ. ಹಾಳೆಯಲ್ಲಿ ಮನೆಯ ವಿಳಾಸ ಬರೆದರೆ ಸಾಕು, ನಡುವಿನ ತಂಗುದಾಣಗಳನ್ನು ಬರೆಯಬೇಕಿಲ್ಲ. ಬರೆದರೆ ಒಂದು ಅಂಕ ಹೆಚ್ಚು ಕೊಡುವ ಪರೀಕ್ಷಕರೂ ಇದ್ದಾರೆ.

ಟೆಂಪೊ: ಪದ ಓದಿ, ನಾಡಿ ಹಿಡಿಯಿರಿ, ಭಾಗಾಕಾರ ಮಾಡಿ

ಹೆಚ್ಚಿನವರು ಇಲ್ಲಿ ಒಂದೇ ಸಾಲಿನ ಕೋಷ್ಟಕ ಬಾಯಿಪಾಠ ಮಾಡಿರುತ್ತಾರೆ: ಲಾರ್ಗೊ ಎಲ್ಲಕ್ಕಿಂತ ನಿಧಾನ, ಆಮೇಲೆ ಅಡಾಜಿಯೊ, ಆಂಡಾಂಟೆ, ಅಲೆಗ್ರೊ, ಪ್ರೆಸ್ಟೊ. ಬರೋಕ್ ಸಂಗೀತಕ್ಕೆ ಈ ಕೋಷ್ಟಕ ಹಿಡಿದು ಹೋದರೆ ಕೈಗೆ ಸಿಗುವುದು ಕಡಿಮೆ. ಇಟಾಲಿಯನ್ನಿನಲ್ಲಿ ಅಲೆಗ್ರೊ ಎಂದರೆ ವೇಗ ಅಲ್ಲ, ಉಲ್ಲಾಸ. ಗ್ರಾವೆ ಎಂದರೆ ಭಾರ, ಗಾಂಭೀರ್ಯ. ಲಾರ್ಗೊ ಎಂದರೆ ಅಗಲ. ವಿವಾಚೆ ಎಂದರೆ ಚುರುಕು, ಜೀವಕಳೆ. ಅಡಾಜಿಯೊ ಎಂದರೆ ಹಾಯಾಗಿ, ಅವಸರವಿಲ್ಲದೆ. ಹ್ಯಾಂಡೆಲ್‌ನ ಹೆಸರಾಂತ ಡಿ ಮೇಜರ್ ಪಿಟೀಲು ಸೊನಾಟಾದ ಮೊದಲ ಭಾಗದ ತಲೆಯ ಮೇಲೆ 'ಅಫೆಟ್ಟುವೋಸೊ' ಎಂದಿದೆ, ಅಂದರೆ ಭಾವ ತುಂಬಿ. ಅದರಲ್ಲಿ ವೇಗದ ಮಾತೇ ಇಲ್ಲ! ಟೆಂಪೊ ಮನೆಗೆ ಬರೆಯಬೇಕಾದ ಪದ ಮೂಡ್ ಮನೆಗೂ ಅರ್ಧ ಉತ್ತರ ಕೊಟ್ಟುಬಿಟ್ಟಿರುತ್ತದೆ.

ಈ ಪದಗಳು ಊರಿಂದೂರಿಗೆ ಬೇರೆ ತೂಕ ಪಡೆಯುತ್ತಿದ್ದವು. ಲಂಡನ್ನಿನ ಪರ್ಸೆಲ್ 1683ರಲ್ಲಿ ತನ್ನ ಸೊನಾಟಾಗಳನ್ನು ಅಚ್ಚು ಹಾಕಿಸುವಾಗ ಈ ವಿದೇಶಿ ಪದಗಳಿಗೆ ಅರ್ಥ ಹೇಳಬೇಕಾಯಿತು: ಅಡಾಜಿಯೊ, ಗ್ರಾವೆ ಬಹಳ ನಿಧಾನ, ಲಾರ್ಗೊ ಮಧ್ಯಮ ನಡಿಗೆ. ಇಪ್ಪತ್ತು ವರ್ಷಗಳ ನಂತರ, 1703ರಲ್ಲಿ, ಫ್ರಾನ್ಸಿನ ಬ್ರೊಸ್ಸಾರ್ ತನ್ನ ನಿಘಂಟಿನಲ್ಲಿ ಲಾರ್ಗೊವನ್ನು ಬಹಳ ನಿಧಾನ ಎಂದ. ಲಿಯೋಪೋಲ್ಡ್ ಮೊಜಾರ್ಟ್ 1756ರ ಪಿಟೀಲು ಪಾಠದಲ್ಲಿ ವಿವಾಚೆಯನ್ನು ವೇಗಕ್ಕೂ ನಿಧಾನಕ್ಕೂ ನಡುವೆ ಕೂರಿಸುತ್ತಾನೆ. ಇಂದಿನ ಕೋಷ್ಟಕಗಳಲ್ಲಿ ಅದು ಅಲೆಗ್ರೊವನ್ನೂ ಹಿಂದೆ ಹಾಕಿ ಓಡುತ್ತದೆ. ಅದೇ ಲಿಯೋಪೋಲ್ಡ್ ಕೊಡುವ ಸಲಹೆ ನನಗೆ ಬಲು ಇಷ್ಟ: ಪದ ಸಾಲದು, ಪ್ರತಿ ಕೃತಿಯಲ್ಲೂ ತನ್ನ ನಿಜವಾದ ನಡಿಗೆಯನ್ನು ತಾನೇ ಬಿಟ್ಟುಕೊಡುವ ಒಂದು ಸಾಲಾದರೂ ಇರುತ್ತದೆ, ಅದನ್ನು ಹುಡುಕು.

ಹುಡುಕುವುದು ಹೇಗೆ? ಬಾಸ್ ಕಡೆ ನೋಡಿ. ಜೊತೆಗೆ ಹಾರ್ಪ್ಸಿಕಾರ್ಡ್, ಚೆಲ್ಲೊ ಇರುವ ಸೊನಾಟಾ ಆದರೆ ಕೆಳಗಿನ ಸಾಲಿನಲ್ಲಿ ಸ್ವರಗುಚ್ಛ ಎಷ್ಟು ಬೇಗ ಬದಲಾಗುತ್ತದೆ ಎಂದು ಪೆನ್ಸಿಲಿನಿಂದ ಗುರುತು ಹಾಕಿ. ಬಾಸ್ ಪ್ರತಿ ಬೀಟಿಗೂ ಹೆಜ್ಜೆ ಹಾಕುತ್ತಿದ್ದರೆ ಮೇಲಿನ ಪಿಟೀಲು ಎಷ್ಟೇ ಹಾರಾಡಿದರೂ ನಡಿಗೆ ಬಾಸ್‌ನದೇ. ಒಂಟಿ ಪಿಟೀಲಿನಲ್ಲಿ ಬಾಸ್ ಇಲ್ಲವಲ್ಲ ಎಂದರೆ, ಇದೆ. ಪ್ರತಿ ಸ್ವರಗುಚ್ಛದ ಅತ್ಯಂತ ಕೆಳಗಿನ ಸ್ವರಗಳನ್ನು ಮಾತ್ರ ಒಂದೊಂದಾಗಿ ನುಡಿಸುತ್ತ ಹೋಗಿ. ನಿಧಾನವಾಗಿ ಮೆಟ್ಟಿಲು ಹತ್ತಿ ಇಳಿಯುವ ಬಾಸ್ ಕಿವಿಗೆ ಬೀಳುತ್ತದೆ. ಇರುವೆ ಸಾಲುಗಳು ಆ ಎರಡು ಮೆಟ್ಟಿಲುಗಳ ನಡುವೆ ಹೊಳೆಯುವ ಕುಸುರಿ ಮಾತ್ರ.

ಕುಸುರಿ ಎಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊರೆಲ್ಲಿ ತನ್ನ ಐದನೆಯ ಸಂಪುಟದ ಹನ್ನೆರಡು ಪಿಟೀಲು ಸೊನಾಟಾಗಳನ್ನು 1700ರಲ್ಲಿ ರೋಮಿನಲ್ಲಿ ಪ್ರಕಟಿಸಿದ. ಅದರ ನಿಧಾನ ಭಾಗಗಳು ಅಚ್ಚಿನಲ್ಲಿ ಬೋಳು ಬೋಳು: ಉದ್ದನೆಯ ನೋಟ್‌ಗಳು, ಅಲ್ಲೊಂದು ಇಲ್ಲೊಂದು. ನುಡಿಸುವವನು ಅದನ್ನು ತನ್ನ ಮನೋಧರ್ಮದಿಂದ ತುಂಬಬೇಕಿತ್ತು. 1710ರಲ್ಲಿ ಆಮ್‌ಸ್ಟರ್‌ಡಾಮಿನ ಪ್ರಕಾಶಕನೊಬ್ಬ ಅವೇ ಸೊನಾಟಾಗಳನ್ನು ಕೊರೆಲ್ಲಿ ನುಡಿಸುತ್ತಿದ್ದ ರೀತಿಯಲ್ಲೇ ಎಂದು ಹೇಳಿಕೊಂಡು, ಕುಸುರಿಸಹಿತ ಅಚ್ಚು ಹಾಕಿದ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ: ಒಂದು ಬಿಳಿ, ಒಂದು ಕಪ್ಪು. ಟೆಂಪೊ ಎರಡಕ್ಕೂ ಒಂದೇ. ಬಾಖ್ ಮಾಡಿದ್ದು ಏನೆಂದರೆ ತುಂಬುವ ಕೆಲಸವನ್ನು ನುಡಿಸುವವನಿಗೆ ಬಿಡದೆ ತಾನೇ ಬರೆದುಬಿಟ್ಟ. ಆಲಾಪನೆಯನ್ನು ಯಾರೋ ಸ್ವರ ಸ್ವರವಾಗಿ ಬರೆದಿಟ್ಟರೆ ಹಾಳೆ ಹೇಗೆ ಕಪ್ಪಾಗುತ್ತದೋ ಹಾಗೆ. ನೋಟ್ ಕಪ್ಪಾಗಿದ್ದಷ್ಟೂ ವೇಗ ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ಇನ್ನು ಅಂಕಿ. ಬರ್ಲಿನ್ನಿನಲ್ಲಿ ಪ್ರಶ್ಯದ ದೊರೆ ಫ್ರೆಡರಿಕ್‌ಗೆ ಕೊಳಲು ಕಲಿಸಿದ ಕ್ವಾಂಟ್ಸ್ 1752ರಲ್ಲಿ ಒಂದು ಅಳತೆ ಕೊಟ್ಟ: ಆರೋಗ್ಯವಂತನ ನಾಡಿ, ನಿಮಿಷಕ್ಕೆ 80. ಅದೂ ಮಧ್ಯಾಹ್ನದ ಊಟದಿಂದ ಸಂಜೆಯ ನಡುವಿನ ನಾಡಿ. (ಅವನು ಏನು ಉಣ್ಣುತ್ತಿದ್ದನೋ! ಮುದ್ದೆ ಉಂಡು ಕುಳಿತವರ ಕೈ ಹಿಡಿದು ನೋಡಿದ್ದರೆ ಅಂಕಿ ಬೇರೆ ಆಗುತ್ತಿತ್ತೇನೋ.) ನಾಲ್ಕು ಬೀಟಿನ ತಾಳದಲ್ಲಿ ಅವನ ಲೆಕ್ಕ ಹೀಗಿದೆ: ಅಲೆಗ್ರೆಟ್ಟೊ ಆದರೆ ಒಂದು ಕ್ರಾಚೆಟ್‌ಗೆ, ಅಂದರೆ ಒಂದು ಪೂರ್ತಿ ಬೀಟಿಗೆ, ಒಂದು ನಾಡಿ. ವೇಗದ ಅಲೆಗ್ರೊ ಆದರೆ ಎರಡು ಕ್ರಾಚೆಟ್‌ಗೆ ಒಂದು. ಹಾಡಿನಂಥ ಅಡಾಜಿಯೊ ಆದರೆ ಅರ್ಧ ಬೀಟಿನ ಕ್ವೇವರ್‌ಗೆ ಒಂದು ನಾಡಿ. ತೀರ ನಿಧಾನದ ಅಡಾಜಿಯೊ ಆದರೆ ಒಂದೊಂದು ಕ್ವೇವರ್‌ಗೂ ಎರಡು ನಾಡಿ.

ನಮ್ಮ ಭಾಗಕ್ಕೆ ಇದನ್ನು ಹಚ್ಚೋಣ. ಅಡಾಜಿಯೊದಲ್ಲಿ 22 ಬಾರ್‌ಗಳಿವೆ. ಬಾರ್‌ಗೆ ನಾಲ್ಕು ಕ್ರಾಚೆಟ್, ಎಂಟು ಕ್ವೇವರ್. 22 ಗುಣಿಸು 8, ಒಟ್ಟು 176 ಕ್ವೇವರ್. ಹಾಡಿನಂಥ ಅಡಾಜಿಯೊ ಎಂದುಕೊಂಡರೆ ನಿಮಿಷಕ್ಕೆ 80. ಭಾಗ 2 ನಿಮಿಷ 12 ಸೆಕೆಂಡಿನಲ್ಲಿ ಮುಗಿಯುತ್ತದೆ. ತೀರ ನಿಧಾನದ್ದು ಎಂದುಕೊಂಡರೆ ನಿಮಿಷಕ್ಕೆ 40. 4 ನಿಮಿಷ 24 ಸೆಕೆಂಡು. ಈಗ ನಿಮ್ಮ ಬಳಿ ಇರುವ ಧ್ವನಿಮುದ್ರಿಕೆಯ ಅವಧಿ ನೋಡಿ. ಸಾಮಾನ್ಯವಾಗಿ ಅದು ಮೂರೂವರೆ ನಿಮಿಷದಿಂದ ಐದರ ಆಸುಪಾಸಿನಲ್ಲಿರುತ್ತದೆ. ನಾಲ್ಕು ನಿಮಿಷವಿದ್ದರೆ 176 ಭಾಗಿಸು 4, ಅಂದರೆ ನಿಮಿಷಕ್ಕೆ 44 ಕ್ವೇವರ್. ಕ್ವಾಂಟ್ಸ್ ಹೇಳಿದ ನಿಧಾನದ ಅಡಾಜಿಯೊದ ಹತ್ತಿರಕ್ಕೇ ಬಂದೆವು. ಬಾಖ್ ಈ ಪ್ರತಿ ಬರೆದ 32 ವರ್ಷಗಳ ನಂತರ, ಇನ್ನೊಂದು ಊರಿನ ಕೊಳಲುಗಾರ ಕೊಟ್ಟ ಅಂಕಿ ಇದು. ಅದನ್ನು ಕಾನೂನು ಮಾಡಿಕೊಳ್ಳಬೇಡಿ, ಬೇಲಿ ಮಾಡಿಕೊಳ್ಳಿ.

ಬಾರ್ ಎಣಿಸಿ, ಬೀಟಿನಿಂದ ಗುಣಿಸಿ, ನಿಮಿಷದಿಂದ ಭಾಗಿಸುವ ಈ ವಿಧಾನ ಯಾವ ಭಾಗಕ್ಕಾದರೂ ಸರಿ. ಪುನರಾವರ್ತನೆಯ ಗುರುತು ಇದ್ದರೆ ಮಾತ್ರ ಆ ಬಾರ್‌ಗಳನ್ನು ಎರಡು ಸಲ ಎಣಿಸಿ. ಮರೆತರೆ ನಿಮ್ಮ ಉತ್ತರ ಅರ್ಧಕ್ಕೆ ಇಳಿದು, ನುಡಿಸಿದವನು ತೂಕಡಿಸುತ್ತಿದ್ದನೆಂದು ಕಾಣುತ್ತದೆ.

ಮೂಡ್: ವಿಶೇಷಣಕ್ಕೆ ಮುಂಚೆ ಸಾಕ್ಷಿ

ಮೈನರ್ ಎಂದರೆ ದುಃಖ, ಮೇಜರ್ ಎಂದರೆ ಸಂತೋಷ. ಈ ಸೂತ್ರ ಹೇಳಿಕೊಟ್ಟವರನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಬರೋಕ್ ಕಾಲದವರೇ ಕೀಗಳಿಗೆ ಭಾವ ಹಚ್ಚಿ ಪಟ್ಟಿ ಮಾಡಿದ್ದಾರೆ. 1690ರ ಸುಮಾರಿಗೆ ಫ್ರಾನ್ಸಿನ ಶಾರ್ಪಾಂತ್ಯೆ ಜಿ ಮೈನರನ್ನು ಗಂಭೀರ, ಭವ್ಯ ಎಂದ. ಹ್ಯಾಂಬರ್ಗಿನ ಮ್ಯಾಟೆಸನ್ 1713ರಲ್ಲಿ ಅದೇ ಕೀಯನ್ನು ಎಲ್ಲ ಕೀಗಳಲ್ಲೂ ಬಹುಶಃ ಅತಿ ಚೆಲುವಾದದ್ದು ಎಂದು ಹೊಗಳಿ, ಗಾಂಭೀರ್ಯದ ಜೊತೆ ಲವಲವಿಕೆಯ ಮಾಧುರ್ಯ ಬೆರೆತಿದೆ ಎಂದ. ಇಬ್ಬರ ಬಾಯಲ್ಲೂ 'ದುಃಖ' ಎಂಬ ಪದ ಬರಲಿಲ್ಲ ಎನ್ನುವುದನ್ನು ಗಮನಿಸಿ.

ಹಾಗೆಂದು ಪಟ್ಟಿಯನ್ನೇ ನಕಲು ಹೊಡೆಯುವುದೂ ಅಪಾಯ. ಇ ಮೇಜರ್ ನೋಡಿ: ಶಾರ್ಪಾಂತ್ಯೆಗೆ ಅದು ಜಗಳಗಂಟ, ಕಿರುಚುವ ಕೀ, ಮ್ಯಾಟೆಸನ್‌ಗೆ ಸಾವಿನಂಚಿನ ಹತಾಶೆ. ಡಿ ಮೇಜರ್ ವಿಷಯದಲ್ಲಿ ಮಾತ್ರ ಇಬ್ಬರೂ ಯುದ್ಧದ ಉತ್ಸಾಹವನ್ನೇ ಕೇಳುತ್ತಾರೆ. ಅದಕ್ಕೆ ಮಂತ್ರತಂತ್ರ ಕಾರಣವಲ್ಲ. ಆಗಿನ ತುತ್ತೂರಿಗಳು ಬಹುಪಾಲು ಡಿ ಮತ್ತು ಸಿ ಶ್ರುತಿಯವು, ಜೊತೆಗೆ ನಗಾರಿ; ಡಿ ಮೇಜರ್ ಕೇಳಿದರೆ ಅರಮನೆಯ ಅಂಗಳ ನೆನಪಾಗುತ್ತಿತ್ತು.

ಪಿಟೀಲಿನ ಮಟ್ಟಿಗೆ ಕೀಯ ಬಣ್ಣಕ್ಕೆ ಇನ್ನೂ ನೇರವಾದ ಕಾರಣವಿದೆ, ಅದು ಕೈಗೆ ಸಿಗುವಂಥದ್ದು. ತಂತಿಗಳು ಜಿ, ಡಿ, ಎ, ಇ. ನಮ್ಮ ಅಡಾಜಿಯೊದ ಮೊದಲ ಸ್ವರಗುಚ್ಛ ಹಿಡಿಯುವುದನ್ನು ನೋಡಿ: ಕೆಳಗಿನ ಜಿ ಮತ್ತು ಡಿಗೆ ಬೆರಳೇ ಬೇಡ, ಬರಿಯ ತಂತಿ. ಎ ತಂತಿಯ ಮೇಲೆ ತೋರುಬೆರಳು ಬಿ ಫ್ಲಾಟ್ ಒತ್ತುತ್ತದೆ, ಇ ತಂತಿಯ ಮೇಲೆ ನಡುಬೆರಳು ಜಿ ಒತ್ತುತ್ತದೆ. ಕಮಾನು ನಾಲ್ಕು ತಂತಿಗಳನ್ನು ಒಟ್ಟಿಗೆ ಹಿಡಿಯಲಾರದು. ಕೆಳಗಿನಿಂದ ಮೇಲಕ್ಕೆ ಹೊರಳುತ್ತದೆ. ಬರಿಯ ತಂತಿಗಳ ಗುಂಗು ಇನ್ನೂ ಆರದಿರುವಾಗಲೇ ಮೇಲಿನ ಜಿಯಿಂದ ಓಟವೊಂದು ಕೆಳಗಿಳಿಯುತ್ತದೆ. ಗಂಟೆ ಬಾರಿಸಿದಂತೆ, ಆಮೇಲೆ ಮಾತು ಶುರುವಾದಂತೆ. ಷಡ್ಜ ಪಂಚಮ ಎರಡೂ ಬರಿಯ ತಂತಿಯಲ್ಲಿ ಮೊಳಗುವ ಕೀಗೆ ಭವ್ಯತೆ ಹುಟ್ಟಿನಿಂದಲೇ ಬರುತ್ತದೆ. ಇದಕ್ಕೆ ಎದುರಾಗಿ ಎಫ್ ಮೈನರ್ ತೆಗೆದುಕೊಳ್ಳಿ: ಎಫ್, ಎ ಫ್ಲಾಟ್, ಸಿ, ಒಂದಕ್ಕೂ ಬರಿಯ ತಂತಿ ಇಲ್ಲ. ನಾದ ಮುಸುಕು ಹೊದ್ದಿರುತ್ತದೆ. ಶಾರ್ಪಾಂತ್ಯೆ ಅದನ್ನು ಕತ್ತಲೆ, ಗೋಳು ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಬಾಖ್‌ನ ಪಿಟೀಲು-ಹಾರ್ಪ್ಸಿಕಾರ್ಡ್ ಸೊನಾಟಾಗಳಲ್ಲಿ ಐದನೆಯದು ಎಫ್ ಮೈನರ್. ಅದರ ಮೊದಲ ಲಾರ್ಗೊವನ್ನೂ ಈ ಅಡಾಜಿಯೊವನ್ನೂ ಒಂದರ ಹಿಂದೊಂದು ಕೇಳಿದರೆ ನನ್ನ ವಿವರಣೆಯೇ ಬೇಕಾಗುವುದಿಲ್ಲ.

ಮುಂದಿನ ಸಾಕ್ಷಿ ಬಾಸ್‌ನ ನಡೆ. ಷಡ್ಜದಿಂದ ಪಂಚಮಕ್ಕೆ ನಾಲ್ಕು ಮೆಟ್ಟಿಲು ಇಳಿಯುವ ಬಾಸ್ ಆಗಿನ ಒಪೆರಾಗಳಲ್ಲಿ ವಿಲಾಪದ ಗುರುತಾಗಿತ್ತು. ಬೀಬರ್‌ನ ರೋಸರಿ ಸೊನಾಟಾಗಳ ಕೊನೆಯಲ್ಲಿ ಒಂಟಿ ಪಿಟೀಲಿನ ಪಾಸಕಾಲ್ಯಾ (ಒಂದೇ ಬಾಸ್ ಮರಳಿ ಮರಳಿ ಬರುವ ಕೃತಿ) ಇದೆ, ಅದೂ ಜಿ ಮೈನರ್. ಜಿ, ಎಫ್, ಇ ಫ್ಲಾಟ್, ಡಿ: ಈ ನಾಲ್ಕೇ ಸ್ವರಗಳು ಅಡಿಯಲ್ಲಿ 65 ಸಲ ಮರುಕಳಿಸುತ್ತವೆ. ಹಾಗಾದರೆ ಅದು ಗೋಳಾಟವೇ? ಹಸ್ತಪ್ರತಿಯಲ್ಲಿ ಅದರ ತಲೆಯ ಮೇಲಿರುವ ಚಿತ್ರದಲ್ಲಿ ದೇವದೂತನೊಬ್ಬ ಮಗುವಿನ ಕೈ ಹಿಡಿದು ನಡೆಸುತ್ತಿದ್ದಾನೆ. ಆ ಚಿತ್ರ ನೋಡಿದ ಮೇಲೆ ನನಗೆ ಆ ನಾಲ್ಕು ಸ್ವರಗಳು ಹೆಜ್ಜೆಗಳಾಗಿಯೇ ಕೇಳುತ್ತವೆ. ಕೀ ಅದೇ, ಬಾಸ್ ವಿಲಾಪದ್ದು, ಭಾವ ಮಾತ್ರ ಬೇರೆ.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಅದೇ ಸಂಯೋಜಕನ ಹಾಡಿನಲ್ಲಿ ಹುಡುಕಿ. ಹಾಡಿಗೆ ಸಾಹಿತ್ಯವಿರುತ್ತದೆ, ಸಾಹಿತ್ಯ ಸುಳ್ಳು ಹೇಳುವುದು ಕಡಿಮೆ. ಬಾಖ್‌ನ ನಾಲ್ಕನೆಯ ಪಿಟೀಲು-ಹಾರ್ಪ್ಸಿಕಾರ್ಡ್ ಸೊನಾಟಾ ಸಿ ಮೈನರ್‌ನ ಸಿಸಿಲಿಯಾನೊದಿಂದ ಶುರುವಾಗುತ್ತದೆ. ತೂಗುವ ಲಯ, ಮೊದಲ ಹೆಜ್ಜೆಯಲ್ಲೇ ಜಿಯಿಂದ ಇ ಫ್ಲಾಟ್‌ಗೆ ಮೇಲ್ಜಿಗಿತ. ಯೇಸುವಿನ ಯಾತನೆಯ ಕಥೆ ಹೇಳುವ ಅವನ ಸೇಂಟ್ ಮ್ಯಾಥ್ಯೂ ಪ್ಯಾಶನ್‌ನಲ್ಲಿ, ಗುರುವನ್ನು ಮೂರು ಸಲ ಅರಿಯೆನೆಂದ ಪೀಟರ್ ಬಿಕ್ಕಿ ಅತ್ತ ಮೇಲೆ, ಕರುಣೆ ಬೇಡುವ ಹಾಡೊಂದು ಬರುತ್ತದೆ. ಅಲ್ಲಿ ಪಿಟೀಲು ಎತ್ತಿಕೊಳ್ಳುವುದು ಇದೇ ತೂಗುವ ಲಯ, ಇದೇ ಅಳತೆಯ ಜಿಗಿತ, ಕೀ ಮಾತ್ರ ಬಿ ಮೈನರ್. ಈಗ ಆ ಸಿಸಿಲಿಯಾನೊದ ಮೂಡ್ ಮನೆಯಲ್ಲಿ 'ದುಃಖ' ಎಂಬ ಸಡಿಲ ಪದದ ಬದಲು 'ಪಶ್ಚಾತ್ತಾಪ, ಬೇಡಿಕೆ' ಎಂದು ಬರೆಯುವ ಧೈರ್ಯ ಬರುತ್ತದೆ.

ಒಂದು ಸಾಕ್ಷಿಯನ್ನು ಮಾತ್ರ ಹೊರಗಿಡಿ, ಜೀವನಚರಿತ್ರೆ. 1720ರ ಜುಲೈನಲ್ಲಿ ಬಾಖ್ ತನ್ನ ದೊರೆಯೊಂದಿಗೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದಾಗ ಅವನ ಮೊದಲ ಹೆಂಡತಿ ಮಾರಿಯಾ ಬಾರ್ಬರಾ ಕೋಥೆನ್ನಿನಲ್ಲಿ ತೀರಿಕೊಂಡಳು. ಹಸ್ತಪ್ರತಿಯ ಮೇಲೂ 1720 ಎಂದೇ ಇದೆ. ಎರಡನ್ನೂ ಗಂಟು ಹಾಕಿ ಅಳುವ ಬರಹಗಳಿಗೆ ಲೆಕ್ಕವಿಲ್ಲ. ಆ ವರ್ಷ ಅವನು ಮಾಡಿದ್ದು ಶುದ್ಧಪ್ರತಿ. ಸಂಗೀತ ಯಾವಾಗ ಹುಟ್ಟಿತೆಂಬುದನ್ನು ಶುದ್ಧಪ್ರತಿಯ ತಾರೀಕು ಹೇಳುವುದಿಲ್ಲ.

ಈಗ ಹಾಳೆ

ಇವತ್ತು ಅದೇ ಹಾಳೆ ಕೈಗೆ ಬಂದರೆ ನಾನು ಹೀಗೆ ತುಂಬುತ್ತೇನೆ. ಕೀ: ಜಿ ಮೈನರ್, ಗುರುತಿನಲ್ಲಿ ಒಂದೇ ಫ್ಲಾಟ್ ಇದ್ದರೂ, ನಡುವೆ ಡಿ ಮೈನರ್, ಸಿ ಮೈನರ್. ಟೆಂಪೊ: ಅಡಾಜಿಯೊ, ಕ್ವೇವರ್ ಎಣಿಕೆ, ನಿಮಿಷಕ್ಕೆ ಸುಮಾರು 44; ವೇಗದಂತೆ ಕಾಣುವ ನೋಟ್‌ಗಳು ಬರೆದಿಟ್ಟ ಕುಸುರಿ. ಮೂಡ್: ಗಂಭೀರ, ಯೋಚಿಸುತ್ತ ಮಾತಾಡುವ ಧಾಟಿ, ಮುಂದೆ ಬರುವ ಫ್ಯೂಗಿಗೆ (ಒಂದೇ ಧಾಟಿಯನ್ನು ಹಲವು ದನಿಗಳು ಸರದಿಯಲ್ಲಿ ಎತ್ತಿಕೊಳ್ಳುವ ಭಾಗ) ಪೀಠಿಕೆ. ಮನೆ ಚಿಕ್ಕದಾದರೆ ಅಂಚಿನಲ್ಲಿ ಬರೆಯಿರಿ, ಯಾರೂ ಬೈಯುವುದಿಲ್ಲ.

ನೀವೇ ಕೈ ಪಳಗಿಸಿಕೊಳ್ಳಲು ಅದೇ ಸೊನಾಟಾದ ಉಳಿದ ಭಾಗಗಳಿವೆ. ಮೂರನೆಯದಾದ ಸಿಸಿಲಿಯಾನಾ ಬಿ ಫ್ಲಾಟ್ ಮೇಜರ್, ನಾಲ್ಕು ಭಾಗಗಳಲ್ಲಿ ಅದೊಂದೇ ಮೇಜರ್. ಆದರೂ ಮೂಡ್ ಮನೆಯಲ್ಲಿ 'ಸಂತೋಷ' ಎಂದು ಬರೆಯುವ ಮುನ್ನ ಅದರ ಬಾಸ್ ಕೇಳಿ. ಕೊನೆಯ ಪ್ರೆಸ್ಟೊ 3/8ರಲ್ಲಿದೆ. ಅಲ್ಲಿ ಅಚ್ಚಿನ ಪ್ರತಿ ಬಿಟ್ಟು ಬಾಖ್‌ನ ಕೈಬರಹಕ್ಕೇ ಹೋಗಿ, ಬಾರ್ ಗೆರೆಗಳನ್ನು ಹತ್ತಿರದಿಂದ ನೋಡಿ. ಒಂದು ಪೂರ್ತಿ ಉದ್ದ, ಮುಂದಿನದು ಗಿಡ್ಡ, ಮತ್ತೆ ಉದ್ದ, ಮತ್ತೆ ಗಿಡ್ಡ. ಬೀಟನ್ನು ಮೂರು ಮೂರಾಗಿ ಎಣಿಸಬೇಕೋ ಆರಾರಾಗಿಯೋ ಎನ್ನುವುದನ್ನು ಆ ಗಿಡ್ಡ ಗೆರೆಗಳನ್ನು ನೋಡಿ ನೀವೇ ತೀರ್ಮಾನಿಸಿ, ಆಮೇಲೆ ಗಡಿಯಾರ ಎತ್ತಿಕೊಳ್ಳಿ.